ಮಂಗಳವಾರದ ಸಕ್ಕರೆ ಕ್ಲಿನಿಕ್ಕು

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಮ್ಮ ಬೀದಿಯ ತಿರುವಿನಲ್ಲಿದ್ದ ಡಾಕ್ಟರು ಒಂದು ದಿನ ಇದ್ದಕ್ಕಿದ್ದಂತೆ ಹೊಸ ಬೋರ್ಡು ಹಾಕಿಸಿದರು. ಅಲ್ಲಿಯವರೆಗೆ ಆ ಕ್ಲಿನಿಕ್ಕಿಗೆ ಜ್ವರ ಬಂದವರು, ಭೇದಿಯಾದವರು, ಸೈಕಲ್ಲಿನಿಂದ ಬಿದ್ದವರು ಹೋಗುತ್ತಿದ್ದರು. ಯಾವ ವಾರ ಬಿದ್ದರೂ ಪಟ್ಟಿ ಕಟ್ಟುತ್ತಿದ್ದರು. ಹೊಸ ಬೋರ್ಡಿನ ಪ್ರಕಾರ ಸೋಮವಾರ ಬಿ.ಪಿ., ಮಂಗಳವಾರ ಸಕ್ಕರೆ ಕಾಯಿಲೆ, ಗುರುವಾರ ಮಕ್ಕಳಿಗೆ ಚುಚ್ಚುಮದ್ದು, ಶುಕ್ರವಾರ ಮಧ್ಯಾಹ್ನ ಹೆಂಗಸರಿಗೆ ಲೇಡಿ ಡಾಕ್ಟರು. ಕೆಳಗೆ ಕೆಂಪಕ್ಷರದಲ್ಲಿ ‘ಇ.ಸಿ.ಜಿ. ಸೌಲಭ್ಯವಿದೆ’ ಎಂದು ಬೇರೆ. ಶಾಲೆಯಿಂದ ಬರುತ್ತಾ ನಾನು ಅದನ್ನು ನಿಂತು ಪೂರ್ತಿ ಓದಿದೆ. ಓದಿ ಮುಗಿಸುವ ಹೊತ್ತಿಗೆ ಇದರಲ್ಲೇನೋ ಮಸಲತ್ತಿದೆ ಎಂದು ಖಾತ್ರಿಯಾಗಿತ್ತು.

ನನ್ನ ಸ್ವಭಾವವೇ ಹಾಗೆ. ಆಗ ನಾನು ಖಾಸಗಿ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಪರೀಕ್ಷೆಯಲ್ಲಿ ಯಾವ ಹುಡುಗ ಚೀಟಿ ತಂದಿದ್ದಾನೆ ಎಂದು ಅವನು ಕೂರುವ ಶೈಲಿಯಲ್ಲೇ ಹಿಡಿಯುತ್ತಿದ್ದೆ. ತರಕಾರಿಯವಳ ತಕ್ಕಡಿ, ಹಾಲಿನವನ ಅಳತೆ, ಗಂಡು ನೋಡಿಕೊಂಡು ಬರುವ ಮಧ್ಯಸ್ಥರ ಮಾತು, ಯಾವುದನ್ನೂ ಸುಮ್ಮನೆ ಒಪ್ಪಿದವಳಲ್ಲ. ನನ್ನ ಮದುವೆ ಮುಂದೆ ಮುಂದೆ ಹೋಗುತ್ತಿರುವುದಕ್ಕೆ ಎಲ್ಲದರ ವಾಸನೆ ಹಿಡಿಯುವ ಈ ಮೂಗೇ ಕಾರಣ ಎಂದು ಅಮ್ಮ ಗೊಣಗುತ್ತಿದ್ದಳು.

ನಾವು ಮೂಲದಲ್ಲಿ ಭದ್ರಾವತಿಯವರು. ಅಪ್ಪಾಜಿ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು, ನನ್ನ ಕೆಲಸಕ್ಕೆ ಅನುಕೂಲವಾಗಲೆಂದು ಶಿವಮೊಗ್ಗಕ್ಕೆ ಬಂದು ಮನೆ ಮಾಡಿದ್ದೆವು. ಕಾರ್ಖಾನೆಯ ಆಸ್ಪತ್ರೆಯಲ್ಲಿ ನಾವು ಕಂಡದ್ದು ಒಂದೇ ಪದ್ಧತಿ: ಕಾಯಿಲೆ ಬಂದರೆ ಹೋಗುವುದು, ಬಾಟಲಿ ಒಡ್ಡುವುದು, ಕೆಂಪು ಔಷಧಿ ತರುವುದು. ಯಾರೂ ನಮ್ಮನ್ನು ಬನ್ನಿ ಎಂದು ಕರೆದಿರಲಿಲ್ಲ. ಈ ಡಾಕ್ಟರಾದರೋ ಕಾಯಿಲೆಗಳಿಗೆ ವಾರ ಹಂಚಿ, ಚೆನ್ನಾಗಿದ್ದವರೂ ಬಂದು ತೋರಿಸಿಕೊಳ್ಳಲಿ ಎನ್ನುತ್ತಿದ್ದರು. ಪಕ್ಕದ ಮೆಡಿಕಲ್ ಶಾಪು ಅವರ ಭಾವಮೈದುನನದು ಎಂದು ವಿಚಾರಿಸಿ ತಿಳಿದುಕೊಂಡೆ. ಅಲ್ಲಿಗೆ ನನ್ನ ಲೆಕ್ಕ ತಾಳೆಯಾಯಿತು.

ಅಮ್ಮನಿಗೂ ಆ ಬೋರ್ಡು ಕಂಡರಾಗುತ್ತಿರಲಿಲ್ಲ. ಅವಳ ಕಾರಣ ಬೇರೆ. ಅವಳ ಅಕ್ಕ, ನನ್ನ ದೊಡ್ಡಮ್ಮ, ಭದ್ರಾವತಿಯಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದಿನ ಲೈನಿನಲ್ಲೇ ಇದ್ದಳು. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವಳು, ಯಾರೋ ಹೇಳಿದರೆಂದು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದಳು. ಸಕ್ಕರೆ ಕಾಯಿಲೆ ಎಂದು ಹೆಸರು ಬರೆದುಕೊಂಡರು. ಆಮೇಲೆ ಕಾಲಿಗೆ ಆದ ಗಾಯ ಮಾಯಲಿಲ್ಲ, ಬೆರಳು ತೆಗೆದರು, ಪಾದ ತೆಗೆದರು, ಕೊನೆಗೆ ಅವಳೂ ಉಳಿಯಲಿಲ್ಲ. ಕಾಯಿಲೆ ಎಷ್ಟೋ ವರ್ಷದಿಂದ ಒಳಗೇ ಇತ್ತು ಎಂದು ಯಾರು ಹೇಳಿದರೂ ಅಮ್ಮ ಕೇಳುತ್ತಿರಲಿಲ್ಲ. "ಹೆಸರು ಬರೆಸೋವರೆಗೂ ನಮ್ಮಕ್ಕ ಚೆನ್ನಾಗೇ ಇದ್ಲು. ಬರೆಸಿದ್ಮೇಲೆ ಅದು ಬಂದು ಅಮರಿಕೊಳ್ತು" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಅಪ್ಪಾಜಿ ನಗುತ್ತಿರಲಿಲ್ಲ, ಎದ್ದು ಹೊರಗೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ಮಂಗಳವಾರ ಅಪ್ಪಾಜಿ ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬಟ್ಟೆಚೀಲ ಹಿಡಿದು ಆ ಕ್ಲಿನಿಕ್ಕಿಗೆ ಹೋದರು. ಬಂದು, ತಮಗೆ ಸಕ್ಕರೆ ಕಾಯಿಲೆ ಇದೆಯಂತೆ ಎಂದು ಆರಾಮಾಗಿ ಹೇಳಿದರು. ಮಳೆ ಬರುವಂತಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು.

"ನಿಮಗೆ ಏನಾಗಿತ್ತು ಅಂತ ಹೋಗಿದ್ರಿ?" ಎಂದೆ.

"ಏನೂ ಇಲ್ಲ ಮಾರಾಯ್ತಿ, ಸ್ವಲ್ಪ ಸುಸ್ತು. ಬಾಯಾರಿಕೆ."

ಅವರಿಗೆ ಸುಸ್ತಾದದ್ದನ್ನು ನಾನು ಕಂಡಿರಲಿಲ್ಲ. ಬೆಳಿಗ್ಗೆ ಎದ್ದು ರಾಗಿಗುಡ್ಡದವರೆಗೆ ನಡೆದು ಬರುತ್ತಿದ್ದ ಮನುಷ್ಯ. ನೋಡಿ, ಚೆನ್ನಾಗಿದ್ದವರನ್ನು ಹಿಡಿದು ರೋಗಿ ಮಾಡಿದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಬೋರ್ಡು ಕಂಡರೆ ಮುಖ ತಿರುಗಿಸುತ್ತಿದ್ದ ಅಮ್ಮ ಮಾತ್ರ ಒಲೆಯ ಮುಂದೆ ತಲೆ ತಗ್ಗಿಸಿ ರೊಟ್ಟಿ ತಟ್ಟುತ್ತಿದ್ದಳು. ಗಂಡನಿಗೆ ಕಾಯಿಲೆ ಎಂದ ದುಃಖ ಎಂದುಕೊಂಡೆ.

ಅಂದಿನಿಂದ ಮಂಗಳವಾರ ಅಪ್ಪಾಜಿಗೆ ನೇಮದಂತಾಯಿತು. ಬೆಳಿಗ್ಗೆ ಹಳೇ ಟಾನಿಕ್ ಬಾಟಲಿಯಲ್ಲಿ ಮೂತ್ರ ಹಿಡಿದು, ಪೇಪರು ಸುತ್ತಿ, ಚೀಲದಲ್ಲಿಟ್ಟುಕೊಂಡು ಹೋಗುವುದು. ಬಂದು ಮಾತ್ರೆಯ ಪೊಟ್ಟಣವನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿಡುವುದು. ಅಮ್ಮ ಅವತ್ತಿನಿಂದಲೇ ಸಿಹಿ ಬಿಟ್ಟಳು. ಯುಗಾದಿಯಲ್ಲಿ ಹೋಳಿಗೆ ಮಾಡಿ ಬಡಿಸಿದಳೇ ಹೊರತು ಬಾಯಿಗಿಡಲಿಲ್ಲ. "ಅವರು ತಿನ್ನಬಾರದು ಅಂದ್ಮೇಲೆ ನಾನು ಹೆಂಗೆ ತಿನ್ಲಿ?" ಎಂದಳು. ಬೀದಿಯ ಹೆಂಗಸರೆಲ್ಲ ಅವಳನ್ನು ಹಾಡಿ ಹೊಗಳಿದರು. ಇಂಥ ಹೆಂಡತಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಎದುರು ಮನೆಯವರು ಕಣ್ಣು ಒರೆಸಿಕೊಂಡರು. ಆ ಪುಣ್ಯವಂತರು ಅದೇ ಹೊತ್ತಿನಲ್ಲಿ ಬಚ್ಚಲ ಹಿಂದೆ ನಿಂತು ಬೆಲ್ಲ ಕಚ್ಚುತ್ತಿದ್ದರು. ನಾನೇ ಕಣ್ಣಾರೆ ಕಂಡೆ.

ಕೇಳಿದರೆ, "ಡಾಕ್ಟ್ರು ಬೆಲ್ಲ ಬೇಡ ಅಂದಿಲ್ಲ, ಸಕ್ಕರೆ ಬೇಡ ಅಂದಿದಾರೆ" ಎಂದರು. ಗಣಿತದ ಟೀಚರಿಗೆ ಹೇಳುವ ಉತ್ತರವೇ ಇದು?

ದಸರಾ ರಜೆಯ ಒಂದು ಮಂಗಳವಾರ ಬೇಕೆಂದೇ ಅವರ ಜೊತೆ ಹೋದೆ. ಅವರು ಬೇಡವೆಂದರೂ ಬಿಡಲಿಲ್ಲ. ಕ್ಲಿನಿಕ್ಕಿನ ಜಗುಲಿಯಲ್ಲಿ ಬೆಂಚಿನ ತುಂಬ ಜನ, ಎಲ್ಲರ ತೊಡೆಯ ಮೇಲೂ ಒಂದೊಂದು ಬಾಟಲಿ. ಒಳಗೆ ಸಿಸ್ಟರ್ ಒಬ್ಬರು ಗಾಜಿನ ಕೊಳವೆಗೆ ನೀಲಿ ದ್ರಾವಣ ಹಾಕಿ, ಎರಡು ತೊಟ್ಟು ಮೂತ್ರ ಬಿಟ್ಟು, ಸ್ಪಿರಿಟ್ ದೀಪಕ್ಕೆ ಹಿಡಿಯುತ್ತಿದ್ದರು. ನೀಲಿಯಾಗೇ ಉಳಿದರೆ ಪಾಸು, ಹಸಿರಾದರೆ ಪರವಾಗಿಲ್ಲ, ಹಳದಿಯಾದರೆ ಬೈಗುಳ, ಇಟ್ಟಿಗೆಯ ಬಣ್ಣ ಬಂದರೆ ಫೇಲು. ಹೊರಗೆ ಕೂತವರು ಕತ್ತು ಉದ್ದ ಮಾಡಿ, "ನಿಂದ್ಯಾವ ಬಣ್ಣನಪ್ಪ?" ಎಂದು ಕೇಳಿಕೊಳ್ಳುತ್ತಿದ್ದರು. ಮಲವಗೊಪ್ಪದಿಂದ ಬಂದಿದ್ದ ಒಬ್ಬಾಕೆ, ನೀಲಿ ಬರಲೆಂದು ಭಾನುವಾರದಿಂದ ಅನ್ನ ಮುಟ್ಟದೆ ಬರೀ ಹಾಗಲಕಾಯಿ ರಸ ಕುಡಿದಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದಳು. ಮನೆಗೆ ಹೋಗಿ ಕೇಸರಿಬಾತು ಮಾಡಿಕೊಳ್ಳುವುದಾಗಿಯೂ ಹೇಳಿದಳು. ಡಾಕ್ಟರು ಆಕೆಗೆ "ಭೇಷ್" ಎಂದದ್ದನ್ನು ನೋಡಿ, ಈತ ವೈದ್ಯನೋ ಏನೋ ಎಂದು ಇನ್ನಷ್ಟು ಅನುಮಾನವಾಯಿತು.

ಅಪ್ಪಾಜಿಯದು ಇಟ್ಟಿಗೆಯ ಬಣ್ಣ ಬಂತು.

"ಯಜಮಾನ್ರೇ, ಮಾತ್ರೆ ಸರಿಯಾಗಿ ತಗೋತಿದೀರಾ?" ಎಂದರು ಡಾಕ್ಟರು. ಐವತ್ತರ ಆಸುಪಾಸಿನ, ತುಂಬ ಸಮಾಧಾನದ ಮನುಷ್ಯ. ಆ ಸಮಾಧಾನವೇ ನನಗೆ ಹಿಡಿಸಲಿಲ್ಲ. "ಮಾತ್ರೆ ಜಾಸ್ತಿ ಮಾಡ್ತೀನಿ. ಆದ್ರೆ ಒಂದು ಸಲ ರಕ್ತ ಕೊಡ್ಲೇಬೇಕು ನೀವು. ಪ್ರತಿ ಸಲಾನೂ ತಪ್ಪಿಸ್ಕೊಳ್ತೀರಿ."

"ಸೂಜಿ ಕಂಡ್ರೆ ತಲೆ ತಿರುಗುತ್ತೆ ಡಾಕ್ಟ್ರೇ. ಮುಂದಿನ ಸಲ ನೋಡೋಣ" ಎಂದು ಅಪ್ಪಾಜಿ ಎದ್ದೇಬಿಟ್ಟರು.

ಕಾರ್ಖಾನೆಯಲ್ಲಿ ಒಮ್ಮೆ ಅಂಗೈಗೆ ಕಬ್ಬಿಣದ ಚೂರು ಹೊಕ್ಕಾಗ, ಅರಿವಳಿಕೆ ಬೇಡ, ಹಾಗೇ ಕೀಳಿ ಎಂದಿದ್ದವರು ಇವರು. ಆ ಕಥೆಯನ್ನು ಮನೆಗೆ ಬಂದ ನೆಂಟರಿಗೆಲ್ಲ ಕೈ ತೋರಿಸಿ ಹೇಳುತ್ತಿದ್ದರು. ಅವರಿಗೆ ಸೂಜಿಯ ಭಯವೇ? ದಾರಿಯುದ್ದಕ್ಕೂ ಯೋಚಿಸಿದೆ. ಬಣ್ಣದ ನೀರು ಕಾಯಿಸಿ ಮೋಸ ಮಾಡುವುದು ಸುಲಭ, ರಕ್ತ ಪರೀಕ್ಷೆ ಬೇರೆ ಲ್ಯಾಬಿನಲ್ಲಿ ಆದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಡಾಕ್ಟರೇ ಇವರನ್ನು ಹೆದರಿಸಿಟ್ಟಿದ್ದಾನೆ, ಎದುರಿಗೆ ಮಾತ್ರ ರಕ್ತ ಕೊಡಿ ಎಂದು ನಾಟಕ ಆಡುತ್ತಾನೆ ಎಂದು ತೀರ್ಮಾನಿಸಿದೆ. ಈಗ ನೆನೆದರೆ ಆ ತರ್ಕದ ಕಸರತ್ತಿಗೆ ನನಗೇ ನಗು ಬರುತ್ತದೆ, ಆದರೆ ಅವತ್ತು ಅದು ಪ್ರಮೇಯದಷ್ಟು ಗಟ್ಟಿಯಾಗಿ ಕಂಡಿತ್ತು.

ಅದೇ ರಜೆಯಲ್ಲಿ ಅಪ್ಪಾಜಿಗೆ ಭದ್ರಾವತಿಯಲ್ಲಿ ಸೊಸೈಟಿಯ ಕೆಲಸವಿತ್ತು. ನಾನೂ ಬಸ್ಸು ಹತ್ತಿದೆ. ಕೆಲಸ ಮುಗಿದದ್ದೇ ಕಾರ್ಖಾನೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹಳೇ ಪರಿಚಯದ ಲ್ಯಾಬಿನವರ ಮುಂದೆ ಕೂರಿಸಿದೆ. ತಮಿಳರಾದ ಅವರು ಕ್ವಾರ್ಟರ್ಸಿನಲ್ಲಿ ನಮ್ಮ ನೆರೆಯವರಾಗಿದ್ದವರು. ಸುತ್ತ ಹಳೇ ಸಹೋದ್ಯೋಗಿಗಳು ನಿಂತು ನೋಡುತ್ತಿದ್ದರು. ಅಪ್ಪಾಜಿ ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿ, ಅಂಗಿಯ ತೋಳು ಮಡಚಿ ಕೈ ಚಾಚಿದರು. ಸೂಜಿ ಒಳಗೆ ಹೋಗುವಾಗ ಪಕ್ಕದವರ ಹತ್ತಿರ ಅಡಿಕೆ ರೇಟು ಮಾತಾಡುತ್ತಿದ್ದರು.

ಮಧ್ಯಾಹ್ನ ಲ್ಯಾಬಿನವರು ಹೊರಗೆ ಬಂದು, "ಐಯೋ, ಅಣ್ಣನಿಗೆ ಸಕ್ಕರೆ ಗಿಕ್ಕರೆ ಏನೂ ಇಲ್ಲಮ್ಮ. ಹುಡುಗರ ರಕ್ತ ಇದ್ದಂಗಿದೆ. ಯಾರಮ್ಮ ಹೇಳಿದ್ದು?" ಎಂದರು.

ಯಾರು ಹೇಳಿದ್ದೆಂದು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೇ ಜೋರಾಗಿ ಹೇಳಿದೆ. ಅಪ್ಪಾಜಿ ಸರಸರ ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದರು. ಬಸ್ಸಿನಲ್ಲಿ ನಾನು ಇಳಿದ ಕೂಡಲೇ ಆ ಡಾಕ್ಟರ ಗ್ರಹಚಾರ ಬಿಡಿಸುತ್ತೇನೆಂದೆ. "ಮಾತ್ರೆ ತಿಂದಿದ್ದಕ್ಕೆ ಕಮ್ಮಿ ಆಗಿರುತ್ತೆ, ಅಷ್ಟೂ ಗೊತ್ತಾಗಲ್ವಾ ನಿನಗೆ? ಆ ಡಾಕ್ಟ್ರ ತಂಟೆಗೆ ಹೋಗ್ಬೇಡ. ಹೋದ್ರೆ ನನ್ನ ಮೇಲಾಣೆ" ಎಂದರು. ಆಣೆ ಇಡುವ ಅಭ್ಯಾಸ ಅವರಿಗಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ, ಅನುಮಾನ ಮುಚ್ಚಿಕೊಳ್ಳಲಿಲ್ಲ.

ಆಮೇಲೆ ಮಾತ್ರೆಗಳ ಬೆನ್ನು ಹತ್ತಿದೆ. ಹಲಗೆಯ ಮೇಲಿನ ಪೊಟ್ಟಣ ಖಾಲಿಯಾಗುತ್ತಿತ್ತು, ಆದರೆ ಅಪ್ಪಾಜಿ ನುಂಗಿದ್ದನ್ನು ಒಂದು ದಿನವೂ ನೋಡಲಿಲ್ಲ. "ಆಗ್ಲೇ ತಗೊಂಡೆ" ಎನ್ನುತ್ತಿದ್ದರು. ಬಚ್ಚಲ ಮೋರಿ ನೋಡಿದೆ, ತೆಂಗಿನ ಬುಡ ನೋಡಿದೆ. ಎಸೆದ ಗುರುತಿರಲಿಲ್ಲ. ಡಾಕ್ಟರನ್ನು ಅನುಮಾನಿಸಿದೆ, ಅವರ ಭಾವಮೈದುನನನ್ನು ಅನುಮಾನಿಸಿದೆ, ಬಣ್ಣ ಕಾಯಿಸುವ ಸಿಸ್ಟರನ್ನೂ, ಕೊನೆಗೆ ಹೆತ್ತ ತಂದೆಯನ್ನೂ ಬಿಡಲಿಲ್ಲ. ಅಮ್ಮನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಅವಳು ತೆಳ್ಳಗಾಗುತ್ತಿದ್ದಳು, ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಸಿಹಿ ಬಿಟ್ಟು ವ್ರತ ಹಿಡಿದವಳು ಸೊರಗದೆ ಇನ್ನೇನು ಎಂದು ಎಲ್ಲರಂತೆ ನಾನೂ ಅಂದುಕೊಂಡಿದ್ದೆ.

ಮರುವರ್ಷ ಶ್ರಾವಣದ ಒಂದು ಬೆಳಿಗ್ಗೆ ಅಪ್ಪಾಜಿ ಲಿಂಗಪೂಜೆ ಮುಗಿಸಿ ಏಳಲು ಹೋದವರು ಹಾಗೇ ಗೋಡೆಗೆ ಒರಗಿ ಕೂತರು. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ನೋಡಿದರೆ ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. "ವಾಯು ಕಣೆ. ತೋಳು ಹಿಡ್ಕೊಂಡಿದೆ" ಎಂದರು. ಮಾತು ತೊದಲುತ್ತಿತ್ತು. ಅಮ್ಮ ಕೂಗಿಕೊಂಡಳು. ಎದುರು ಮನೆಯವರ ಆಟೋದಲ್ಲಿ ಅವರನ್ನು ಕೂರಿಸಿಕೊಂಡು, ಯಾರ ಮುಖ ನೋಡಬಾರದು ಎಂದಿದ್ದೆನೋ ಅದೇ ಡಾಕ್ಟರ ಬಾಗಿಲಿಗೆ ಓಡಿದೆವು. ಹತ್ತಿರದಲ್ಲಿ ಬೇರೆ ಯಾರಿದ್ದರು?

ಡಾಕ್ಟರು ನಾಡಿ ಹಿಡಿದರು, ಕಣ್ಣು ಬಿಡಿಸಿ ನೋಡಿದರು. "ಬೆಳಿಗ್ಗೆ ಏನಾದ್ರೂ ತಿಂದಿದ್ರಾ?"

"ಇಲ್ಲ, ಪೂಜೆ ಮಾಡ್ತಿದ್ರು" ಎಂದೆ.

"ಹಂಗಾದ್ರೆ ಸಕ್ಕರೆ ಇಳಿದುಬಿಟ್ಟಿದೆ. ಹೋದ ತಿಂಗಳು ಮಾತ್ರೆ ಮತ್ತೆ ಜಾಸ್ತಿ ಮಾಡಿದ್ನಲ್ಲ. ಮಾತ್ರೆ ತಗೊಂಡು ಹೊಟ್ಟೆಗೆ ಹಾಕದೆ ಇದ್ರೆ ಹಿಂಗೇ. ಬೆವರು, ತೊದಲು ಎಲ್ಲ ಅದೇ. ಹೆದ್ರಬೇಡಿ" ಎಂದು ಸಿಸ್ಟರಿಗೆ ಗ್ಲೂಕೋಸ್ ತರಲು ಹೇಳಿದರು. ಬೆರಳಿಗೆ ಚುಚ್ಚಿ ಆ ಕ್ಷಣವೇ ನೋಡುವ ಯಂತ್ರ ಆ ಕ್ಲಿನಿಕ್ಕಿಗೆ ಇನ್ನೂ ಬಂದಿರಲಿಲ್ಲ. ನರಕ್ಕೆ ಗ್ಲೂಕೋಸ್ ಹೋಯಿತು. ಎಲ್ಲರೂ ಮಂಚದ ಸುತ್ತ ಕಾದೆವು. ಅಪ್ಪಾಜಿ ಚೇತರಿಸಿಕೊಳ್ಳಲಿಲ್ಲ. ತುಟಿ ಇನ್ನೂ ಬಿಳಿಚಿತು.

"ಇನ್ನೊಂದು ಕೊಡೋಣ" ಎಂದರು ಡಾಕ್ಟರು.

ನನಗೆ ತಡೆಯಲಾಗಲಿಲ್ಲ. "ಅವರಿಗೆ ಸಕ್ಕರೆ ಕಾಯಿಲೆನೇ ಇಲ್ಲ! ಭದ್ರಾವತೀಲಿ ರಕ್ತ ನೋಡಿ ಹೇಳಿದಾರೆ. ನಿಮ್ಮ ಮಾತ್ರೆ ಅವರು ನುಂಗಿದ್ದು ನಾನಂತೂ ನೋಡಿಲ್ಲ. ಬೇರೆ ಏನೋ ಆಗಿದೆ, ಸರಿಯಾಗಿ ನೋಡಿ!"

ಡಾಕ್ಟರ ಸಮಾಧಾನ ಮೊದಲ ಸಲ ಹಾರಿಹೋಯಿತು. "ಏನಮ್ಮಾ ನೀನು ಮಾತಾಡೋದು? ವರ್ಷದ ಮೇಲಾಯ್ತು, ವಾರ ವಾರ ಅವರ ಟೆಸ್ಟು ನಾನೇ ಕಣ್ಣಾರೆ ನೋಡ್ತಿದೀನಿ. ಇಟ್ಟಿಗೆ ಕೆಂಪು ಬರೋ ಮನುಷ್ಯನಿಗೆ ಕಾಯಿಲೆ ಇಲ್ಲ ಅಂತೀಯಲ್ಲ!"

ಅವರು ಕಂಡದ್ದೂ ನಿಜ, ನಾನು ಕಂಡದ್ದೂ ನಿಜ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಸಿಸ್ಟರ್ ಎರಡನೇ ಸಿರಿಂಜ್ ತುಂಬುತ್ತಿದ್ದರು. ಮಂಚದ ತಲೆಯ ಹತ್ತಿರ ಅಮ್ಮ ಸೆರಗನ್ನು ಬಾಯಿಗೆ ಒತ್ತಿ ನಿಂತಿದ್ದಳು. ಸೆರಗು ತೆಗೆದಳು, ಮತ್ತೆ ಒತ್ತಿಕೊಂಡಳು. ಅಪ್ಪಾಜಿ ಕಣ್ಣು ಅರ್ಧ ತೆರೆದು ಅವಳ ಕಡೆ ನೋಡಿ ತಲೆ ಅಲ್ಲಾಡಿಸಿದಂತೆ ಕಂಡಿತು.

"ಡಾಕ್ಟ್ರೇ," ಎಂದಳು ಅಮ್ಮ. ಆ ದನಿ ನಾನು ಕೇಳಿದ್ದ ದನಿಯಲ್ಲ. "ಇವರಿಗಲ್ಲ, ನನಗೆ ಇರೋದು. ಬಾಟ್ಲಿ ನಂದು. ಮಾತ್ರೆ ತಿನ್ನೋದೂ ನಾನೇ. ನಾ ಬರಲ್ಲ ಅಂದೆ ಅಂತ ಇವರು ಬರ್ತಿದ್ರು. ನನ್ನ ಹೆಸರು ಬರ್ಕೊಳ್ಳಿ. ಇವರ ಹೆಸರು ಹೊಡೆದ್ಹಾಕಿ, ಮೊದ್ಲು ಇವರ ಹೆಸರು ಹೊಡೆದ್ಹಾಕಿ, ನಿಮ್ಮ ಕಾಲಿಗೆ ಬೀಳ್ತೀನಿ."

ಬೀಳಲು ಬಗ್ಗಿಯೂ ಬಿಟ್ಟಳು. ಡಾಕ್ಟರು ಸಿಸ್ಟರ ಕೈಯಿಂದ ಸಿರಿಂಜ್ ಕಿತ್ತು ಪಕ್ಕಕ್ಕಿಟ್ಟು, "ಇ.ಸಿ.ಜಿ. ತಗೊಂಬಾ, ಬೇಗ" ಎಂದರು. ಕಾಗದ ಹೊರಗೆ ಬರುತ್ತಿದ್ದ ಹಾಗೇ ಅವರ ಮುಖದ ಬಣ್ಣ ಬದಲಾಯಿತು. ಹೃದಯಾಘಾತ. ಮಾತ್ರೆಯೊಂದನ್ನು ಪುಡಿ ಮಾಡಿ ಅಪ್ಪಾಜಿಯ ಬಾಯಿಗೆ ಹಾಕಿ, ತಮ್ಮ ಕಾರಿನಲ್ಲೇ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿಸಿದರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿಯವರು ಹೇಳಿದರು. ಅಪ್ಪಾಜಿ ಉಳಿದರು.

ಉಳಿದರು ಎಂದು ಗೊತ್ತಾದ ಮೇಲೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಡಾಕ್ಟರ ಮೇಲಲ್ಲ, ಅವರು ಪಾಪ ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು. ಸಿಟ್ಟು ಬಂದದ್ದು ಅಮ್ಮನ ಮೇಲೆ. ಹೆಸರು ಬರೆಸಿದವರಿಗೆ ಕಾಯಿಲೆ ಅಮರಿಕೊಳ್ಳುತ್ತದೆ, ಅವರು ಸಾಯುತ್ತಾರೆ ಎಂದು ಮನಸಾರೆ ನಂಬಿದವಳು ಇವಳು. ತನ್ನ ಹೆಸರು ಬೇಡವೆಂದು ಗಂಡನ ಹೆಸರನ್ನು ಮುಂದೆ ಮಾಡಿದಳಲ್ಲ? ವರ್ಷವಿಡೀ ಬಾಟಲಿ ಕೊಟ್ಟು ಕಳಿಸಿದಳಲ್ಲ? ಬೀದಿಯವರು ಹೊಗಳುವಾಗ ತಲೆ ತಗ್ಗಿಸಿ ಕೇಳಿಸಿಕೊಂಡಳಲ್ಲ? ಒಂದೇ ಮನೆಯಲ್ಲಿ ಇಪ್ಪತ್ತೇಳು ವರ್ಷ ಇದ್ದೂ ಇವಳು ಯಾರೆಂದು ನನಗೆ ಗೊತ್ತಿಲ್ಲವೇ ಎಂದು ದಿಗಿಲಾಯಿತು. ಅವಳು ಕೊಟ್ಟ ಕಾಫಿಯನ್ನು ಮುಟ್ಟದೆ ಅಲ್ಲೇ ಇಟ್ಟೆ. ಅವಳು ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡಳು.

ವಾರ್ಡಿಗೆ ಹಾಕಿದ ಮೇಲೆ ಒಂದು ಮಧ್ಯಾಹ್ನ ಅಮ್ಮ ಗಂಜಿ ತರಲು ಮನೆಗೆ ಹೋಗಿದ್ದಳು. ಅಪ್ಪಾಜಿ ಮೆಲ್ಲಗೆ ಕರೆದರು.

"ಡಾಕ್ಟ್ರ ಮುಂದೆ ನಿಮ್ಮಮ್ಮ ತನ್ನ ಹೆಸರು ಹೇಳಿದ್ಲಾ?"

"ಹೇಳಿದ್ಲು."

"ಹೇಳೋಕೆ ಯಾಕೆ ಬಿಟ್ಟೆ ನೀನು?" ಎಂದರು. ಅವರ ಕಣ್ಣಲ್ಲಿ ನೀರು ತುಂಬಿತು. ಸಾವಿನ ಬಾಗಿಲಿಂದ ಬಂದ ಮನುಷ್ಯನಿಗೆ ಅದೇ ದೊಡ್ಡ ನಷ್ಟದಂತೆ ಕಂಡಿತ್ತು.

ನನ್ನೊಳಗಿದ್ದದ್ದು ಹೊರಗೆ ಬಂತು. "ತನಗೆ ಆಗೋದಕ್ಕಿಂತ ನಿಮಗೇ ಆಗ್ಲಿ ಅಂತ ತಾನೇ ನಿಮ್ಮ ಹೆಸರು ಕೊಡಿಸಿದ್ದು? ಬರೆಸಿದವರಿಗೆ ತಾಗುತ್ತೆ ಅಂತ ಅವಳು ಅಷ್ಟು ನಂಬಿದ್ಲು. ನಿಮಗೆ ತಾಗಲಿ ಅಂತ ಹೆಂಗೆ ಒಪ್ಪಿದ್ಲು ಅಪ್ಪಾಜಿ?"

"ಅವಳು ಎಲ್ಲಿ ಒಪ್ಪಿದ್ಲು? ಸುಸ್ತು, ಬಾಯಾರಿಕೆ ಶುರುವಾದ್ಮೇಲೂ ತಿಂಗಳುಗಟ್ಟಲೆ ಒಪ್ಲಿಲ್ಲ. ನೀವೂ ಬೇಡ, ನಾನೂ ಬೇಡ, ಹಿಂಗೇ ಹೋಗ್ಬಿಡ್ತೀನಿ ಅಂತ ಕೂತಿದ್ಲು. ನಾನೇ ಸುಳ್ಳು ಹೇಳಿದೆ. ಅದು ನಿಮ್ಮ ತವರಿನ ಕಾಯಿಲೆ, ನಮ್ಮ ಮನೆತನಕ್ಕೆ ತಾಗಲ್ಲ, ನನ್ನ ಹೆಸರು ಬರೆಸಿದ್ರೆ ಅದು ಸುಮ್ನೆ ಪುಸ್ತಕದಲ್ಲಿ ಬಿದ್ದಿರುತ್ತೆ ಅಂದೆ. ಲಿಂಗ ಮುಟ್ಟಿ ಹೇಳಿದೆ. ಆಮೇಲೆ ಬಾಟ್ಲಿ ಕೊಟ್ಲು."

ನಾನು ಮಂಚದ ಅಂಚಿನಲ್ಲಿ ಕೂತೆ. "ಸುಳ್ಳು ಏನು ಬಂತು ಅದರಲ್ಲಿ? ಹೆಸರು ಬರೆದ ಮಾತ್ರಕ್ಕೆ ಯಾರಿಗಾದ್ರೂ ಕಾಯಿಲೆ ಬರುತ್ತಾ? ನೀವಂತೂ ಅದನ್ನ ನಂಬೋರಲ್ಲ" ಎಂದೆ.

ಅವರು ಚಾವಣಿ ನೋಡುತ್ತಾ ಮಲಗಿದ್ದರು.

"ನಿಮ್ಮ ದೊಡ್ಡಮ್ಮನ್ನ ನಾನೂ ನೋಡಿದ್ನಲ್ಲ. ನಾನೂ ಹಂಗೇ ನಂಬಿದ್ದೆ ಕಣೆ."

"ಮತ್ತೆ ನಿಮಗೆ ಹೆದರಿಕೆ ಇರ್ಲಿಲ್ವಾ?"

"ಇತ್ತು," ಎಂದರು ಅಪ್ಪಾಜಿ. "ಪ್ರತಿ ಮಂಗಳವಾರಾನೂ ಇತ್ತು."